ವಿಚ್ಛೇದನದ ನಂತರ ಮರುಮದುವೆ: ಕ್ರೈಸ್ತ ಸಭೆಗಳ ನಿಲುವುಗಳನ್ನು ತೂಗಿ ನೋಡುವುದು ಹೇಗೆ?

ವಿಚ್ಛೇದನವಾಗಿ ಕೆಲವು ವರ್ಷ ಕಳೆದಿರುತ್ತದೆ. ಬದುಕಿಗೆ ಇನ್ನೊಬ್ಬರು ಬಂದಿರುತ್ತಾರೆ. ಒಬ್ಬ ಪಾಸ್ಟರ್ ‘ಧೈರ್ಯವಾಗಿ ಮದುವೆಯಾಗಿ’ ಅನ್ನುತ್ತಾರೆ. ಇನ್ನೊಬ್ಬರು ‘ಮೊದಲ ಸಂಗಾತಿ ಬದುಕಿರುವವರೆಗೆ ಅದು ವ್ಯಭಿಚಾರವೇ’ ಅನ್ನುತ್ತಾರೆ. ಕಥೋಲಿಕ ಫಾದರ್ ‘ಮೊದಲು ಧರ್ಮಸಭೆಯ ನ್ಯಾಯಮಂಡಳಿಗೆ ಅರ್ಜಿ ಹಾಕಿ’ ಅನ್ನುತ್ತಾರೆ. ಮೂವರ ಕೈಯಲ್ಲೂ ಇರುವುದು ಅದೇ ಬೈಬಲ್. ಹಾಗಾದರೆ ಯಾರ ಮಾತು ಕೇಳಬೇಕು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು.

ಇದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ಯಾರಿಗಾದರೂ ಅನ್ಯಾಯವಾಗುತ್ತದೆ. ಗಂಡ ಬಿಟ್ಟುಹೋದವಳ ಪ್ರಶ್ನೆ ಬೇರೆ, ಇನ್ನೊಬ್ಬಳಿಗಾಗಿ ಹೆಂಡತಿಯನ್ನು ಬಿಟ್ಟವನ ಪ್ರಶ್ನೆ ಬೇರೆ. ನಾನು ಹೇಳುವುದು ಇಷ್ಟು: ಈ ನಿಲುವುಗಳನ್ನು ಹೊಸ ಸಂಬಂಧದ ಕಡೆಯಿಂದ ಅಳೆಯಬೇಡಿ, ಮುಗಿದುಹೋದ ಮದುವೆಯ ಕಡೆಯಿಂದ ಅಳೆಯಿರಿ. ಅಲ್ಲಿ ನಿಜಕ್ಕೂ ಏನಾಯಿತು ಅನ್ನುವುದು ಸ್ಪಷ್ಟವಾದರೆ ಅರ್ಧ ದಾರಿ ಸವೆದಂತೆ. ಅದು ಸ್ಪಷ್ಟವಾಗದೆ ಯಾವ ನಿಲುವು ಹಿಡಿದರೂ ಮನಸ್ಸಿಗೆ ನೆಮ್ಮದಿ ಸಿಗುವುದಿಲ್ಲ.

ಯಾವುದನ್ನು ನೋಡಿ ಅಳೆಯುವುದು?

ಪ್ರತಿ ನಿಲುವಿಗೂ ಕೆಲವು ಪ್ರಶ್ನೆ ಹಾಕೋಣ. ಅದು ಎಲ್ಲ ವಚನಗಳಿಗೂ ಉತ್ತರ ಕೊಡುತ್ತದೆಯೇ, ಇಲ್ಲ ತನಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆಯೇ? ಮದುವೆಯಲ್ಲಿ ಕೊಟ್ಟ ಮಾತಿಗೆ ತೂಕ ಉಳಿಯುತ್ತದೆಯೇ? ಅನ್ಯಾಯಕ್ಕೆ ಒಳಗಾದವರಿಗೆ ಅದರಲ್ಲಿ ಏನಿದೆ? ತಪ್ಪು ಮಾಡಿದವರಿಗೆ ಹಿಂದಿರುಗುವ ದಾರಿ ಇದೆಯೇ? ಇವುಗಳ ಜೊತೆಗೆ ದಿನದ ಬದುಕಿನ ಲೆಕ್ಕವೂ ಇದೆ. ಎಷ್ಟು ಕಾಲ ಕಾಯಬೇಕು, ಎಷ್ಟು ಕಾಗದಪತ್ರ ಬೇಕು, ಪರಮಪ್ರಸಾದ ಅಥವಾ ಕರ್ತನ ಭೋಜನದಲ್ಲಿ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದಲ್ಲಿ) ಪಾಲು ಇರುತ್ತದೆಯೇ, ಸಭೆಯಲ್ಲಿ ಸೇವೆ ಮಾಡುವ ಅವಕಾಶ ಉಳಿಯುತ್ತದೆಯೇ ಎಂದೂ ನೋಡಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಬೇರೆಯಾಗಿ ಬದುಕುವುದು ಒಂದು ಪ್ರಶ್ನೆ, ಮತ್ತೆ ಮದುವೆಯಾಗುವುದು ಇನ್ನೊಂದು. ಹೊಡೆತ, ಹಿಂಸೆ ಇರುವ ಮನೆಯಿಂದ ಹೊರಬರಲು ಈ ಚರ್ಚೆ ಮುಗಿಯಬೇಕಾಗಿಲ್ಲ. ಮದುವೆಯನ್ನು ಯಾರೂ ಮುರಿಯಲಾಗದು ಅನ್ನುವ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೇ ಇದಕ್ಕೆ ಜಾಗವಿದೆ. 1983ರ ಸಂಹಿತೆಯ 1153ನೇ ವಿಧಿಯ ಪ್ರಕಾರ, ಸಂಗಾತಿಯಿಂದ ತನಗೋ ಮಕ್ಕಳಿಗೋ ದೊಡ್ಡ ಅಪಾಯವಿದ್ದರೆ ಬೇರೆಯಾಗಿ ಹೋಗಬಹುದು. ತಡಮಾಡಿದರೆ ಅಪಾಯ ಅನ್ನುವಾಗ ಬಿಷಪ್ಪರ ಅಪ್ಪಣೆಗೂ ಕಾಯಬೇಕಿಲ್ಲ. ‘ಬೈಬಲ್ ಒಪ್ಪುವುದಿಲ್ಲ, ಸಹಿಸಿಕೊಂಡು ಅಲ್ಲೇ ಇರಿ’ ಎಂದು ಯಾರಾದರೂ ಹೇಳಿದರೆ ಅವರು ಎರಡು ಪ್ರಶ್ನೆಗಳನ್ನು ಕಲಸಿದ್ದಾರೆ. ಮೊದಲು ಸುರಕ್ಷಿತವಾದ ಕಡೆಗೆ ಹೋಗಿ.

ಎಲ್ಲರೂ ಓದುವ ವಚನಗಳು

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24ರಲ್ಲಿ ತ್ಯಾಗಪತ್ರದ ಮಾತು ಬರುತ್ತದೆ. ಹೆಂಡತಿಯನ್ನು ಬಿಡುವವನು ಪತ್ರ ಬರೆದು ಕೊಡಬೇಕು. ಆಕೆ ಇನ್ನೊಬ್ಬನ ಹೆಂಡತಿಯಾದ ಮೇಲೆ ಮೊದಲ ಗಂಡ ಆಕೆಯನ್ನು ಮತ್ತೆ ಮದುವೆಯಾಗುವಂತಿಲ್ಲ. ಯೇಸುವಿನ ಕಾಲದ ಹೊತ್ತಿಗೆ ಇದರ ಬಗ್ಗೆ ಯೆಹೂದ್ಯ ಗುರುಗಳಲ್ಲಿ ಎರಡು ಪಂಗಡ. ಶಮ್ಮಾಯನ ಕಡೆಯವರು ಲೈಂಗಿಕ ತಪ್ಪು ಇದ್ದರೆ ಮಾತ್ರ ಬಿಡಬಹುದು ಅನ್ನುತ್ತಿದ್ದರು. ಹಿಲ್ಲೇಲನ ಕಡೆಯವರು ಅಡುಗೆ ಸೀದುಹೋದರೂ ಸಾಕು ಅನ್ನುತ್ತಿದ್ದರು. ಮತ್ತಾಯ 19ರಲ್ಲಿ ಫರಿಸಾಯರು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು) ‘ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೋ’ ಎಂದು ಕೇಳುವುದರ ಹಿಂದೆ ಈ ಜಗಳವಿದೆ.

ಯೇಸುವಿನ ಉತ್ತರ ಮಾರ್ಕ 10 ಮತ್ತು ಲೂಕ 16:18ರಲ್ಲಿ ನೇರವಾಗಿದೆ. ಬಿಟ್ಟು ಬೇರೆ ಮದುವೆಯಾದರೆ ವ್ಯಭಿಚಾರ. ಅಲ್ಲಿ ಯಾವ ವಿನಾಯಿತಿಯೂ ಇಲ್ಲ. ಮತ್ತಾಯ 5:32 ಮತ್ತು 19:9ರಲ್ಲಿ ಮಾತ್ರ ‘ಹಾದರದ ಕಾರಣಕ್ಕಲ್ಲದೆ’ ಅನ್ನುವ ವಿನಾಯಿತಿ ಇದೆ. ಅಪೊಸ್ತಲ ಪೌಲನು 1 ಕೊರಿಂಥ 7:11ರಲ್ಲಿ ಗಂಡನಿಂದ ಬೇರೆಯಾದವಳು ಮದುವೆಯಿಲ್ಲದೆ ಇರಲಿ ಅಥವಾ ಗಂಡನೊಂದಿಗೆ ರಾಜಿಯಾಗಲಿ ಅನ್ನುತ್ತಾನೆ. ಆದರೆ ನಾಲ್ಕು ವಚನ ದಾಟಿದರೆ, ನಂಬದ ಸಂಗಾತಿ ತಾನಾಗಿ ಬಿಟ್ಟುಹೋದರೆ ಹೋಗಲಿ, ಅಂಥ ಸಂದರ್ಭದಲ್ಲಿ ನಂಬಿದವರು ಬದ್ಧರಲ್ಲ ಅನ್ನುತ್ತಾನೆ. ರೋಮಾಪುರ 7:2-3 ಮತ್ತು 1 ಕೊರಿಂಥ 7:39 ಸಾವಿನಿಂದ ಬಿಡುಗಡೆಯಾಗುತ್ತದೆ ಅನ್ನುತ್ತವೆ. ಹಾಗಾಗಿ ವಿಧವೆ, ವಿಧುರರ ಮದುವೆಯ ಬಗ್ಗೆ ಅಷ್ಟಾಗಿ ತಕರಾರಿಲ್ಲ.

ಗಂಟು ಇರುವುದು ಇಲ್ಲೇ. ಮಾರ್ಕ ಮತ್ತು ಲೂಕರ ಬೆಳಕಿನಲ್ಲಿ ಮತ್ತಾಯನನ್ನು ಓದಿದರೆ ಒಂದು ನಿಲುವು ಬರುತ್ತದೆ. ಮತ್ತಾಯನ ಬೆಳಕಿನಲ್ಲಿ ಉಳಿದಿಬ್ಬರನ್ನು ಓದಿದರೆ ಇನ್ನೊಂದು.

ಸಾವಿನವರೆಗೆ ಬಂಧ: ಮರುಮದುವೆ ಇಲ್ಲ

ಅತ್ಯಂತ ಬಿಗಿಯಾದ ನಿಲುವು ಇದು. ಆಮಿಶ್ ಸಭೆಗಳು, ಸಂಪ್ರದಾಯಸ್ಥ ಮೆನೋನೈಟ್ ಸಭೆಗಳು ಇದನ್ನು ಹಿಡಿದಿವೆ. ಬ್ಯಾಪ್ಟಿಸ್ಟ್ ಬೋಧಕ ಜಾನ್ ಪೈಪರ್ ಅವರದೂ ಇದೇ ನಿಲುವು. ಇದು ಹೊಸತೇನಲ್ಲ. ಎರಡನೆಯ ಶತಮಾನದ ‘ಹೆರ್ಮಾಸನ ಕುರುಬ’ ಅನ್ನುವ ಬರಹದಲ್ಲೇ ಇದು ಕಾಣುತ್ತದೆ. ವ್ಯಭಿಚಾರ ಬಿಡದ ಹೆಂಡತಿಯಿಂದ ಗಂಡ ದೂರವಾಗಬೇಕು, ಆದರೆ ತಾನು ಒಂಟಿಯಾಗಿಯೇ ಇರಬೇಕು ಎಂದು ಅಲ್ಲಿ ಹೇಳಿದೆ. ಕಾರಣವೂ ಕೊಟ್ಟಿದೆ: ಆಕೆ ಪಶ್ಚಾತ್ತಾಪಪಟ್ಟು ಬಂದರೆ ಸೇರಿಸಿಕೊಳ್ಳಲು ಜಾಗ ಇರಬೇಕಲ್ವಾ?

ಮತ್ತಾಯನ ವಿನಾಯಿತಿಯನ್ನು ಇವರು ಎರಡು ಬಗೆಯಲ್ಲಿ ಬಿಡಿಸುತ್ತಾರೆ. ಅದು ಬೇರೆಯಾಗಲು ಮಾತ್ರ ಅನುಮತಿ, ಮತ್ತೆ ಮದುವೆಗೆ ಅಲ್ಲ ಅನ್ನುವುದು ಒಂದು. ಅದು ನಿಶ್ಚಿತಾರ್ಥದ ಕಾಲದ ತಪ್ಪಿನ ಬಗ್ಗೆ, ಯೇಸುವಿನ ತಾಯಿ ಮರಿಯಳನ್ನು ಗುಟ್ಟಾಗಿ ಬಿಡಲು ಯೋಸೇಫನು ಯೋಚಿಸಿದಂತೆ, ಅನ್ನುವುದು ಇನ್ನೊಂದು. ಯೋಸೇಫನ ಆ ಯೋಚನೆ ಬರುವುದೂ ಮತ್ತಾಯನಲ್ಲೇ, ಹಾಗಾಗಿ ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಕ್ಷಮೆಗೆ ಬಾಗಿಲು ಕೊನೆಯವರೆಗೂ ತೆರೆದಿರುತ್ತದೆ, ಅದು ಇದರ ಬಲ. ರಾಜಿಯಾಗುವ ಆಸೆ ಇನ್ನೂ ಇರುವವರಿಗೆ ಇದು ಆಸರೆ. ಆದರೆ ಇದರ ಭಾರ ಜಾಸ್ತಿ ಬೀಳುವುದು ತಪ್ಪು ಮಾಡದವರ ಮೇಲೆ. ಬಿಟ್ಟುಹೋದವರು ಹೊಸ ಸಂಸಾರ ಹೂಡಿರುತ್ತಾರೆ. ಉಳಿದವರು ಚಿಕ್ಕ ವಯಸ್ಸಿನಲ್ಲಿ, ಮಕ್ಕಳನ್ನು ಕಟ್ಟಿಕೊಂಡು, ಒಂಟಿಯಾಗಿ ಬದುಕಬೇಕಾಗುತ್ತದೆ. ಈ ನಿಲುವನ್ನು ಬೋಧಿಸುವ ಸಭೆ ಅಂಥವರ ಊಟ, ಬಾಡಿಗೆ, ಮಕ್ಕಳ ಓದು, ಒಂಟಿತನ ಎಲ್ಲದಕ್ಕೂ ಹೆಗಲು ಕೊಡಬೇಕು. ಕೊಡದ ಸಭೆಗೆ ಇದನ್ನು ಬೋಧಿಸುವ ಹಕ್ಕಿಲ್ಲ ಎಂದೇ ನಾನು ನಂಬಿದ್ದೇನೆ.

ಈಗಾಗಲೇ ಎರಡನೇ ಮದುವೆಯಾದವರ ವಿಷಯದಲ್ಲಿ ಇವರಲ್ಲೇ ಒಡಕಿದೆ. ಕೆಲವು ಕಟ್ಟುನಿಟ್ಟಿನ ಗುಂಪುಗಳು ಎರಡನೇ ಸಂಸಾರದಿಂದ ಹೊರಬನ್ನಿ ಅನ್ನುತ್ತವೆ. ಪೈಪರ್ ಅಂಥವರು ಹಾಗೆ ಹೇಳುವುದಿಲ್ಲ. ಆಗಬಾರದಿತ್ತು, ಆದರೆ ಆಗಿದೆ, ಈಗ ಈ ಮಾತನ್ನು ಉಳಿಸಿಕೊಳ್ಳಿ ಅನ್ನುತ್ತಾರೆ. ಎರಡನೆಯದೇ ಸರಿ ಎಂದು ನನಗೆ ಅನಿಸುತ್ತದೆ. ಧರ್ಮೋಪದೇಶಕಾಂಡವೂ ಮೊದಲ ಗಂಡನ ಬಳಿಗೆ ಹಿಂದಿರುಗುವುದನ್ನು ತಡೆಯುತ್ತದೆ.

ಕಥೋಲಿಕ ದಾರಿ: ಮದುವೆ ಆಗಿತ್ತೇ ಎಂದು ಕೇಳುವುದು

ಕಥೋಲಿಕ ಧರ್ಮಸಭೆಯೂ ಮದುವೆ ಮುರಿಯದು ಅನ್ನುತ್ತದೆ. ಪ್ರಾಚೀನ ಸಭೆಯ ಗುರು ಅಗಸ್ಟೀನ್ ಅವರ ಕಾಲದಿಂದ ಗಟ್ಟಿಯಾದ ಈ ಬೋಧನೆಯನ್ನು 1563ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಖಚಿತಪಡಿಸಿತು. ದೀಕ್ಷಾಸ್ನಾನ ಪಡೆದ ಇಬ್ಬರ ನಡುವೆ ಸಿಂಧುವಾಗಿ ಆದ, ದೈಹಿಕವಾಗಿಯೂ ಕೂಡಿದ ಮದುವೆಯನ್ನು ಸಾವಲ್ಲದೆ ಯಾವ ಮನುಷ್ಯ ಅಧಿಕಾರವೂ ಬಿಡಿಸಲಾರದು. ಸರ್ಕಾರಿ ಕೋರ್ಟಿನ ವಿಚ್ಛೇದನದಿಂದ ಧರ್ಮಸಭೆಯ ಲೆಕ್ಕದಲ್ಲಿ ಆ ಬಂಧ ಹೋಗುವುದಿಲ್ಲ.

ಹಾಗಾಗಿ ಇಲ್ಲಿ ಪ್ರಶ್ನೆಯೇ ಬೇರೆ. ‘ಮದುವೆ ಮುಗಿಯಿತೇ’ ಎಂದಲ್ಲ, ‘ಆ ದಿನ ನಿಜಕ್ಕೂ ಮದುವೆ ಆಯಿತೇ’ ಎಂದು ನ್ಯಾಯಮಂಡಳಿ ಕೇಳುತ್ತದೆ. ಒಪ್ಪಿಗೆ ಬಲವಂತದ್ದೇ? ಒಬ್ಬರು ಮಕ್ಕಳೇ ಬೇಡ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದರೇ? ಮದುವೆಯ ಹೊಣೆ ಹೊರಲು ಆಗದಷ್ಟು ಮಾನಸಿಕ ತೊಂದರೆ ಇತ್ತೇ? ದೊಡ್ಡ ಮೋಸ ನಡೆದಿತ್ತೇ? ಇದ್ದರೆ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಘೋಷಿಸುತ್ತಾರೆ. ಆಮೇಲೆ ಚರ್ಚಿನಲ್ಲೇ ಮದುವೆಯಾಗಬಹುದು.

ಇಲ್ಲಿ ಎಷ್ಟೋ ತಾಯಂದಿರನ್ನು ಕಾಡುವ ಭಯ ಒಂದಿದೆ: ‘ಹಾಗಾದರೆ ನನ್ನ ಮಕ್ಕಳು?’ ಭಯ ಬೇಡ. ಇಬ್ಬರಲ್ಲಿ ಒಬ್ಬರಾದರೂ ಮದುವೆ ಸರಿಯಾಗಿದೆ ಎಂದು ನಂಬಿದ್ದರೆ ಮಕ್ಕಳು ಧರ್ಮಸಭೆಯ ಕಾನೂನಿನಲ್ಲಿ ಸಕ್ರಮರೇ. ಅಸಿಂಧು ಘೋಷಣೆಯಿಂದ ಅದು ಬದಲಾಗುವುದಿಲ್ಲ.

ಸಮಯ ಮತ್ತು ಹಣದ ಮಾತು. ಮೊದಲು ಎರಡು ಹಂತದ ನ್ಯಾಯಮಂಡಳಿಗಳು ಒಂದೇ ತೀರ್ಪು ಕೊಡಬೇಕಿತ್ತು. ಪೋಪ್ ಫ್ರಾನ್ಸಿಸ್ 2015ರಲ್ಲಿ ಅದನ್ನು ತೆಗೆದರು, ಒಂದು ತೀರ್ಪು ಸಾಕು. ಇಬ್ಬರೂ ಒಪ್ಪಿ, ಸಾಕ್ಷಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದ್ದರೆ ಬಿಷಪ್ಪರ ಮುಂದೆ ಚುಟುಕು ವಿಚಾರಣೆಯೂ ಇದೆ. ಸಾಧ್ಯವಾದಷ್ಟು ಉಚಿತವಾಗಿ ನಡೆಸಿ ಎಂದೂ ಅವರು ಹೇಳಿದರು. ಆದರೂ ಸಾಮಾನ್ಯ ವಿಚಾರಣೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹಳೆಯ ನೋವನ್ನು ಬರೆದು ಕೊಡಬೇಕು, ಸಾಕ್ಷಿಗಳನ್ನು ಹುಡುಕಬೇಕು, ಹಳೆಯ ಸಂಗಾತಿಗೂ ಮಾತನಾಡುವ ಅವಕಾಶ ಇರುತ್ತದೆ. ಇದು ಮನಸ್ಸನ್ನು ಹಿಂಡುತ್ತದೆ. ಮತ್ತು ಉತ್ತರ ‘ಮದುವೆ ಸಿಂಧುವೇ’ ಎಂದೂ ಬರಬಹುದು.

ಘೋಷಣೆಯಿಲ್ಲದೆ ಸರ್ಕಾರಿ ಮದುವೆ ಮಾಡಿಕೊಂಡವರ ಸ್ಥಿತಿ ಕಷ್ಟದ್ದು. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಅಂಥವರು ಅಣ್ಣತಂಗಿಯರಂತೆ ಬದುಕಿದರೆ ಮಾತ್ರ ಪರಮಪ್ರಸಾದ ಪಡೆಯಬಹುದು ಎಂದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬೊಬ್ಬರ ಸ್ಥಿತಿಯನ್ನೂ ಬೇರೆಬೇರೆಯಾಗಿ ವಿವೇಚಿಸಿ ಎಂದರು. ಅದನ್ನು ಕೆಲವು ಬಿಷಪ್ಪರು ಉದಾರವಾಗಿ ಓದಿದ್ದಾರೆ, ಕೆಲವರು 1981ರ ಮಾತಿಗೇ ನಿಂತಿದ್ದಾರೆ. ಒಂದು ತಪ್ಪು ತಿಳುವಳಿಕೆ ಮಾತ್ರ ಹೋಗಬೇಕು: ವಿಚ್ಛೇದನವಾಗಿ ಒಂಟಿಯಾಗಿರುವವರಿಗೆ ವಿಚ್ಛೇದನವೊಂದೇ ಕಾರಣಕ್ಕೆ ಪರಮಪ್ರಸಾದ ನಿಷೇಧವಿಲ್ಲ. ಸುಳ್ಳು ನಾಚಿಕೆಯಿಂದ ವರ್ಷಗಟ್ಟಲೆ ದೂರ ಉಳಿದವರಿದ್ದಾರೆ. ಅದು ನನಗೆ ತುಂಬಾ ನೋವು ತರುವ ಸಂಗತಿ.

ಕಥೋಲಿಕರನ್ನು ಮದುವೆಯಾಗಲು ಹೊರಟ ಬೇರೆ ಸಭೆಯವರು ಇನ್ನೊಂದನ್ನು ತಿಳಿದಿರಬೇಕು. ಇಬ್ಬರು ಪ್ರೊಟೆಸ್ಟೆಂಟರ ಮದುವೆಯನ್ನೂ ಧರ್ಮಸಭೆ ಸಿಂಧು ಎಂದೇ ಎಣಿಸುತ್ತದೆ. ನಿಮ್ಮ ಪಾಸ್ಟರ್ ನಿಮ್ಮನ್ನು ಬಿಡುಗಡೆಯಾದವರು ಅಂದರೂ ಕಥೋಲಿಕ ನ್ಯಾಯಮಂಡಳಿ ನಿಮ್ಮ ಮೊದಲ ಮದುವೆಯನ್ನು ಪರೀಕ್ಷಿಸಲೇಬೇಕು. ಬದಲಿಗೆ, ಕಥೋಲಿಕರೊಬ್ಬರು ಅಪ್ಪಣೆಯಿಲ್ಲದೆ ಬರೀ ರಿಜಿಸ್ಟರ್ ಮದುವೆ ಮಾಡಿಕೊಂಡು ವಿಚ್ಛೇದನ ಪಡೆದಿದ್ದರೆ ಕೆಲಸ ಸುಲಭ, ದಾಖಲೆಗಳಿಂದಲೇ ಅದು ಇತ್ಯರ್ಥವಾಗುತ್ತದೆ.

ಎರಡು ಕಾರಣಗಳ ನಿಲುವು

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚು ಕೇಳಿಬರುವುದು ಇದು. ಹದಿನಾರನೇ ಶತಮಾನದಲ್ಲಿ ವಿದ್ವಾಂಸ ಎರಾಸ್ಮಸ್ ದಾರಿ ತೆರೆದರು, ಸುಧಾರಕರಾದ ಲೂಥರ್ ಮತ್ತು ಕ್ಯಾಲ್ವಿನ್ ಅದರಲ್ಲಿ ನಡೆದರು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಇದನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿತು. ವ್ಯಭಿಚಾರ, ಮತ್ತು ಸಭೆಯಾಗಲಿ ಸರ್ಕಾರವಾಗಲಿ ಸರಿಪಡಿಸಲಾಗದಂಥ ಬೇಕೆಂದೇ ಬಿಟ್ಟುಹೋಗುವಿಕೆ, ಈ ಎರಡೇ ಕಾರಣ. ಇವುಗಳಿಂದ ವಿಚ್ಛೇದನ ಪಡೆದ ನಿರ್ದೋಷಿ, ತಪ್ಪು ಮಾಡಿದವರು ಸತ್ತರೋ ಎಂಬಂತೆ ಮತ್ತೆ ಮದುವೆಯಾಗಬಹುದು.

ಮತ್ತಾಯನಿಗೂ ಪೌಲನಿಗೂ ಇದು ನೇರ ಉತ್ತರ ಕೊಡುತ್ತದೆ. ಮೋಸಹೋದವರನ್ನು ಜೀವನಪೂರ್ತಿ ಶಿಕ್ಷಿಸುವುದಿಲ್ಲ. ಕಷ್ಟ ಬರುವುದು ‘ನಿರ್ದೋಷಿ’ ಯಾರು ಎಂದು ತೀರ್ಮಾನಿಸುವಾಗ. ಹಿರಿಯರ ಸಭೆ ಕೂತು ಎರಡೂ ಕಡೆ ಕೇಳಿದರೆ ಸರಿ. ಎಷ್ಟೋ ಕಡೆ ಯಾರ ಮನೆತನದ ಮಾತು ಜೋರೋ ಅವರೇ ನಿರ್ದೋಷಿಯಾಗಿಬಿಡುತ್ತಾರೆ. ತಪ್ಪು ಮಾಡಿದವರಿಗೆ ಪಶ್ಚಾತ್ತಾಪದ ನಂತರ ಏನು ಅನ್ನುವುದಕ್ಕೂ ಇಲ್ಲಿ ಸ್ಪಷ್ಟ ಉತ್ತರವಿಲ್ಲ. ಮತ್ತು ಸಂಗಾತಿ ವ್ಯಭಿಚಾರ ಮಾಡಿಲ್ಲ, ಬಿಟ್ಟೂ ಹೋಗಿಲ್ಲ, ದಿನಾ ಹೊಡೆಯುತ್ತಾನೆ ಅಂದರೆ? ಅಕ್ಷರಶಃ ಓದಿದರೆ ಈ ನಿಲುವು ಸುಮ್ಮನಾಗುತ್ತದೆ.

ಹಿಂಸೆಯನ್ನೂ ಸೇರಿಸುವ ನಿಲುವು

ಆ ಮೌನದಿಂದಲೇ ಮುಂದಿನ ನಿಲುವು ಹುಟ್ಟಿದ್ದು. ವಿಮೋಚನಕಾಂಡ 21:10-11ರಲ್ಲಿ ಊಟ, ಬಟ್ಟೆ, ದಾಂಪತ್ಯದ ಹಕ್ಕು ಕೊಡದಿದ್ದರೆ ದಾಸಿಯಾಗಿ ಬಂದ ಹೆಂಡತಿಯೂ ಹಣ ಕೊಡದೆ ಬಿಡುಗಡೆಯಾಗಬಹುದು ಎಂದಿದೆ. ದಾಸಿಗೇ ಇಷ್ಟು ರಕ್ಷಣೆ ಇದ್ದರೆ ಸ್ವತಂತ್ರಳಿಗೆ ಇಲ್ಲವೇ ಎಂದು ಇವರು ಕೇಳುತ್ತಾರೆ. ಇನ್ನು ಕೆಲವರು ಪೌಲನ ‘ಅಂಥ ಸಂದರ್ಭದಲ್ಲಿ’ ಅನ್ನುವ ಮಾತಿನೊಳಗೆ ಹಿಂಸೆಯೂ ಬರುತ್ತದೆ ಅನ್ನುತ್ತಾರೆ. ಎರಡೇ ಕಾರಣ ಎಂದು ಬಹಳ ಕಾಲ ಬೋಧಿಸಿದ್ದ ದೇವತಾಶಾಸ್ತ್ರಜ್ಞ ವೇಯ್ನ್ ಗ್ರೂಡೆಮ್ 2019ರಲ್ಲಿ ಇದೇ ಆಧಾರದ ಮೇಲೆ ತಮ್ಮ ನಿಲುವು ಬದಲಿಸಿದರು.

ಹಿಂಸೆ ಅನುಭವಿಸಿದವರಿಗೆ ಇದು ಉಸಿರು ಕೊಡುತ್ತದೆ. ಗೆರೆ ಎಲ್ಲಿ ಎಳೆಯುವುದು ಅನ್ನುವುದೇ ಇದರ ತೊಡಕು. ಹೊಡೆತ, ಪ್ರಾಣಭಯ, ಹಸಿವಿಗೆ ದೂಡುವುದು ಒಂದು ಕಡೆ. ‘ನಮಗೆ ಹೊಂದಿಕೆಯಾಗಲಿಲ್ಲ’ ಅನ್ನುವುದು ಇನ್ನೊಂದು ಕಡೆ. ಎರಡನೆಯದನ್ನೂ ಈ ಬಾಗಿಲಿನಿಂದ ತೂರಿಸಿದರೆ ಹಿಲ್ಲೇಲನ ಸೀದ ಅಡುಗೆಗೇ ವಾಪಸು ಬಂದಂತೆ. ಹೀಗಿದ್ದರೂ, ವಚನಗಳನ್ನೂ ನೊಂದವರನ್ನೂ ಒಟ್ಟಿಗೆ ಕಣ್ಣೆದುರು ಇಟ್ಟುಕೊಂಡರೆ ನನ್ನ ಮನಸ್ಸು ವಾಲುವುದು ಈ ಕಡೆಗೇ.

ಆರ್ಥೊಡಾಕ್ಸ್ ಸಭೆ: ಪಶ್ಚಾತ್ತಾಪದ ಮದುವೆ

ಪೂರ್ವದ (ಗ್ರೀಸ್, ರಷ್ಯಾ ಮುಂತಾದ ಕಡೆಯ) ಆರ್ಥೊಡಾಕ್ಸ್ ಸಭೆಗಳಲ್ಲಿ ಮದುವೆ ಒಂದೇ ಅನ್ನುವುದು ಆದರ್ಶ. ಆದರೆ ಪಾಪದಿಂದ ಮದುವೆ ಸತ್ತುಹೋಗಬಹುದು ಎಂದು ಅವರು ಒಪ್ಪುತ್ತಾರೆ. ಬಿಷಪ್ಪರು ಸಭೆಯ ವಿಚ್ಛೇದನ ಕೊಟ್ಟ ಮೇಲೆ ಎರಡನೇ, ಅಪರೂಪಕ್ಕೆ ಮೂರನೇ ಮದುವೆಗೂ ಅನುಮತಿ ಇದೆ. ನಾಲ್ಕನೆಯದು ಇಲ್ಲವೇ ಇಲ್ಲ. ಬೈಜಾಂಟೈನ್ ಚಕ್ರವರ್ತಿ ಆರನೇ ಲಿಯೋನ ನಾಲ್ಕನೇ ಮದುವೆಯಿಂದ ಎದ್ದ ಜಗಳ ಮುಗಿದು, 920ರಲ್ಲಿ ಅದು ನಿಯಮವಾಯಿತು. ಲಿಯೋ ಹೆಂಡತಿಯರನ್ನು ಕಳೆದುಕೊಂಡ ವಿಧುರ, ಆದರೂ ಆ ಮದುವೆಗಳೆಲ್ಲ ಲೆಕ್ಕಕ್ಕೆ ಬಂದವು ಅನ್ನುವುದನ್ನು ಗಮನಿಸಿ.

ಎರಡನೇ ಮದುವೆಯ ಪ್ರಾರ್ಥನೆಗಳು ಹಬ್ಬದಂತಿಲ್ಲ. ವೇಶ್ಯೆ ರಹಾಬಳನ್ನು ಕ್ಷಮಿಸಿದ, ಸುಂಕದವನ ಪಶ್ಚಾತ್ತಾಪ ಒಪ್ಪಿಕೊಂಡ ದೇವರನ್ನು ಅಲ್ಲಿ ನೆನೆಯುತ್ತಾರೆ. ತಪ್ಪು ಮಾಡಿದವರಿಗೂ ದಾರಿ ಇಟ್ಟಿರುವ ನಿಲುವು ಇದು. ಹೋದದ್ದನ್ನು ‘ಇರಲೇ ಇಲ್ಲ’ ಅನ್ನುವುದಿಲ್ಲ, ‘ಪರವಾಗಿಲ್ಲ’ ಎಂದೂ ಅನ್ನುವುದಿಲ್ಲ. ಅದು ನನಗೆ ಹಿಡಿಸುತ್ತದೆ. ತೊಡಕೆಂದರೆ ಎಲ್ಲವೂ ಬಿಷಪ್ಪರ ವಿವೇಚನೆಗೆ ಬಿಟ್ಟದ್ದು, ಒಂದೇ ರೀತಿಯ ಕಥೆಗೆ ಎರಡು ಕಡೆ ಎರಡು ಉತ್ತರ ಸಿಗಬಹುದು. ಅನ್ಯಾಯಕ್ಕೆ ಒಳಗಾದವರಿಗೂ ಪಶ್ಚಾತ್ತಾಪದ ಪ್ರಾರ್ಥನೆ ಚುಚ್ಚಬಹುದು. ಪಾದ್ರಿಗಳಿಗೆ ಮಾತ್ರ ಸಾಮಾನ್ಯವಾಗಿ ಈ ರಿಯಾಯಿತಿ ಇಲ್ಲ.

ಆಂಗ್ಲಿಕನ್ ಸಭೆಯ (ಇಂಗ್ಲೆಂಡಿನ ದೊರೆಯೇ ಮುಖ್ಯಸ್ಥರಾಗಿರುವ ಚರ್ಚ್ ಆಫ್ ಇಂಗ್ಲೆಂಡಿನ) ಬಗ್ಗೆ ಒಂದು ಮಾತು. ಒಂದೇ ಸಭೆ ಎಷ್ಟು ದೂರ ಬರಬಹುದು ಅನ್ನುವುದು ಇಂಗ್ಲೆಂಡಿನ ರಾಜಮನೆತನದಲ್ಲೇ ಕಾಣುತ್ತದೆ. ವಿಚ್ಛೇದಿತೆಯನ್ನು ಮದುವೆಯಾಗಲು ಎಂಟನೇ ಎಡ್ವರ್ಡ್ 1936ರಲ್ಲಿ ಸಿಂಹಾಸನ ಬಿಟ್ಟರು. 2002ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್, ವಿಶೇಷ ಸಂದರ್ಭಗಳಲ್ಲಿ ಮರುಮದುವೆಗೆ ಒಪ್ಪಿತು. 2018ರಲ್ಲಿ ವಿಚ್ಛೇದಿತೆ ಮೇಗನ್ ಮತ್ತು ರಾಜಕುಮಾರ ಹ್ಯಾರಿಯ ಮದುವೆ ಚರ್ಚಿನಲ್ಲೇ ನಡೆಯಿತು. ಆದರೆ ಅಲ್ಲಿ ಒಬ್ಬ ಪಾದ್ರಿ ತನ್ನ ಮನಸ್ಸಾಕ್ಷಿಗೆ ಒಪ್ಪದಿದ್ದರೆ ‘ಆಗುವುದಿಲ್ಲ’ ಎನ್ನಬಹುದು.

ನಿಮ್ಮ ಸ್ಥಿತಿ ಯಾವುದು?

ಸಂಗಾತಿ ವ್ಯಭಿಚಾರ ಮಾಡಿ ಬಿಟ್ಟುಹೋಗಿ, ಈಗ ಬೇರೆ ಮದುವೆಯಾಗಿದ್ದರೆ, ರಾಜಿಯ ದಾರಿ ಮುಚ್ಚಿದೆ. ಮೊದಲನೆಯ ನಿಲುವನ್ನು ಬಿಟ್ಟರೆ ಉಳಿದ ಎಲ್ಲ ಕಡೆ ನಿಮಗೆ ಏನಾದರೊಂದು ದಾರಿ ಇದೆ. ಕಥೋಲಿಕರಾದರೆ ಮಾತ್ರ ಒಂದು ಎಚ್ಚರ: ಸಂಗಾತಿಯ ವ್ಯಭಿಚಾರವೊಂದೇ ಅಸಿಂಧುತ್ವಕ್ಕೆ ಕಾರಣವಾಗದು. ಮದುವೆಯ ದಿನವೇ ಒಪ್ಪಿಗೆಯಲ್ಲಿ ಕೊರತೆ ಇತ್ತು ಎಂದು ತೋರಿಸಬೇಕು.

ಮದುವೆ ಮುರಿದದ್ದು ನಿಮ್ಮ ತಪ್ಪಿನಿಂದ ಎಂದಾದರೆ ಅವಸರ ಬೇಡ. ಮೊದಲ ಸಂಗಾತಿ ಇನ್ನೂ ಒಂಟಿಯಾಗಿದ್ದರೆ ಕ್ಷಮೆ ಕೇಳುವುದು, ಮಕ್ಕಳ ಖರ್ಚು ಕೊಡುವುದು, ಬಾಕಿ ಉಳಿಸಿದ್ದನ್ನು ತೀರಿಸುವುದು ಮೊದಲು. ಹೊಸ ಪ್ರೀತಿಯ ಸಲುವಾಗಿಯೇ ಹಳೆಯದನ್ನು ಮುರಿದವರಿಗೆ ‘ದೇವರು ಒಪ್ಪುತ್ತಾನೆ’ ಎಂದು ಸರಾಗವಾಗಿ ಹೇಳುವ ಪಾಸ್ಟರರನ್ನು ನಾನಂತೂ ನಂಬುವುದಿಲ್ಲ.

ಈಗಾಗಲೇ ಎರಡನೇ ಮದುವೆಯಾಗಿ ಮಕ್ಕಳಿದ್ದರೆ, ಇನ್ನೊಂದು ಮನೆ ಒಡೆಯುವುದು ಪರಿಹಾರ ಎಂದು ನನಗೆ ಅನಿಸುವುದಿಲ್ಲ. ಪಾಸ್ಟರ್ ಅಥವಾ ಹಿರಿಯರಾಗಿ ಸೇವೆ ಮಾಡುವ ಆಸೆ ಇರುವವರು ಬೇರೆಯಾಗಿ ವಿಚಾರಿಸಬೇಕು. ‘ಏಕಪತ್ನಿಯುಳ್ಳವನು’ ಅನ್ನುವ 1 ತಿಮೊಥೆಯ 3:2ರ ಮಾತನ್ನು ಹಿಡಿದು, ಸದಸ್ಯರ ಮರುಮದುವೆಯನ್ನು ಒಪ್ಪುವ ಸಭೆಗಳೂ ಸೇವಕರ ವಿಷಯದಲ್ಲಿ ಬಿಗಿಯಾಗಿರುತ್ತವೆ.

ನೀವು ಮದುವೆಯಾಗದವರು, ವಿಚ್ಛೇದಿತರೊಬ್ಬರನ್ನು ಮದುವೆಯಾಗಲು ಹೊರಟಿದ್ದರೆ, ಅವರ ಮೊದಲ ಮದುವೆಯ ಕಥೆಯನ್ನು ಅವರ ಬಾಯಿಂದ ಮಾತ್ರ ಕೇಳಬೇಡಿ. ಅದನ್ನು ತಿಳಿದ ಪಾಸ್ಟರ್ ಅಥವಾ ಹಿರಿಯರ ಜೊತೆ ಮಾತನಾಡಿ.

ಕೊನೆಗೆ ನಿಮ್ಮ ಸಭೆಯವರನ್ನು ಕೇಳಬೇಕಾದದ್ದು: ನಮ್ಮ ಸಭೆಯ ಲಿಖಿತ ನಿಯಮ ಏನು? ನಿರ್ಧಾರ ಯಾರದು, ಪಾಸ್ಟರದೋ, ಹಿರಿಯರದೋ, ಬಿಷಪ್ಪರದೋ? ಮದುವೆಯ ನಂತರ ಕರ್ತನ ಭೋಜನ, ಸದಸ್ಯತ್ವ, ಸೇವೆಯಲ್ಲಿ ಏನು ಬದಲಾಗುತ್ತದೆ? ಪಾಸ್ಟರ್ ಬದಲಾದರೆ ಈ ಉತ್ತರವೂ ಬದಲಾಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಬ್ಬರೂ ಬೇರೆ ಬೇರೆ ಸಭೆಯವರಾದರೆ ಎರಡೂ ಕಡೆ ಕೇಳಿ. ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದರೆ ತೀರ್ಪು ಕೈಗೆ ಬರುವ ಮುನ್ನ ಮದುವೆಯ ದಿನ ಗೊತ್ತುಮಾಡಬೇಡಿ, ಯಾರಿಗೂ ಕರೆಯೋಲೆ ಕೊಡಬೇಡಿ.